ನೊಣ ಸಾಕುವ ಊರಿನಲ್ಲಿ

ಇಂಗ್ಲೆಂಡಿಗೆ ಹೋಗಿ ಬಂದವರು ಅರಮನೆ ನೋಡಿದೆವು, ಗಡಿಯಾರದ ಗೋಪುರ ನೋಡಿದೆವು ಎನ್ನುತ್ತಾರೆ. ನಾನು ಮೂವತ್ತೆರಡು ದಿನ ಇದ್ದು ನೋಡಿದ್ದು ಅಂಗಿ ತೊಟ್ಟ ಹಂದಿಯ ಹೆಣ, ಯಾರೂ ಸಾಯದ ಒಂದು ಕೊಲೆಮನೆ, ಮತ್ತು ಮೂರು ಡಬ್ಬಿ ನೊಣದ ಮರಿ. ಅರಮನೆ ಇರುವ ಊರು ರೈಲಿನಲ್ಲಿ ಎರಡು ಗಂಟೆಯ ದಾರಿಯಂತೆ. ಹೋಗಲು ಪುರಸೊತ್ತಾಗಲಿಲ್ಲ. ಹೋಗಲಿಲ್ಲವೆಂದು ಬೇಜಾರೂ ಇಲ್ಲ. ಅರಮನೆ ಎಲ್ಲಿಗೂ ಓಡಿಹೋಗುವುದಿಲ್ಲ.

ಸಾತನೂರು ಬಸ್ ನಿಲ್ದಾಣ

ನಮ್ಮದು ಸಾತನೂರಿಗೆ ಹತ್ತಿರದ ಹಳ್ಳಿ. ಮನೆಗೆ ಅಂಟಿಕೊಂಡೇ ಹುಳಮನೆ. ಮದುವೆಯಾಗಿ ಬಂದ ವಾರಕ್ಕೇ ಅತ್ತೆ ನನ್ನ ಕೈಗೆ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಕೊಟ್ಟರು. ಇಪ್ಪತ್ತಾರು ವರ್ಷವಾಯಿತು, ಇನ್ನೂ ಕೆಳಗಿಟ್ಟಿಲ್ಲ. ರೇಷ್ಮೆ ಸಾಕುವವರಿಗೆ ದೊಡ್ಡ ಶತ್ರು ಎಂದರೆ ಊಜಿ ನೊಣ. ಒಂದೇ ಒಂದು ಒಳಗೆ ನುಗ್ಗಿದರೂ ಹುಳದ ಮೈಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ. ಅದರ ಮರಿ ನಮ್ಮ ಹುಳವನ್ನು ಒಳಗಿನಿಂದ ತಿಂದು, ತೂತು ಕೊರೆದುಕೊಂಡು ಹೊರಗೆ ಬೀಳುತ್ತದೆ. ಅದಕ್ಕೇ ಬಾಗಿಲಿಗೆ ಬಲೆ, ಕಿಟಕಿಗೆ ಬಲೆ. ಒಳಗೆ ಬರುವವರು ಚಪ್ಪಲಿ ಬಿಟ್ಟು, ಕಾಲನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಬರಬೇಕು. ನೆಂಟರು ಮುಖ ಗಂಟು ಹಾಕಿಕೊಂಡರೂ ಸರಿಯೇ. ನನ್ನ ಆಯಸ್ಸಿನ ಅರ್ಧ ಭಾಗ ನೊಣ ಹೊಡೆಯುವುದರಲ್ಲೇ ಕಳೆದಿದೆ.

ಅಂಥವಳ ಮಗಳು ಚೈತ್ರ, ಸಮುದ್ರ ದಾಟಿ ಹೋಗಿ, ನೊಣ ಸಾಕುವ ವಿದ್ಯೆಗೆ ಸೇರಿದಳು.

ಓದಿನ ಹೆಸರು ವಿಧಿವಿಜ್ಞಾನ. ಊರಿನಲ್ಲಿ ಎಲ್ಲರೂ ಫೊರೆನ್ಸಿಕ್ ಎನ್ನುತ್ತಾರೆ, ಟೀವಿಯ ಪುಣ್ಯ. ಹೆಣದ ಮೇಲೆ ನೊಣ ಮೊಟ್ಟೆ ಇಟ್ಟು ಮರಿ ಎಷ್ಟು ಬೆಳೆದಿದೆ ಎಂದು ನೋಡಿ, ಮನುಷ್ಯ ಸತ್ತು ಎಷ್ಟು ದಿನವಾಯಿತೆಂದು ಹೇಳುವುದು ಆ ಓದಿನ ಒಂದು ಕವಲು. ಇವಳು ಹೋಗಿ ಹೋಗಿ ಅದನ್ನೇ ಆರಿಸಿಕೊಂಡಳು. ವಿಷಯ ಹಬ್ಬಿದ ದಿನವೇ ನಮ್ಮ ಓರಗಿತ್ತಿ ಜಯಮ್ಮ ಬಂದು ಹೊಸ್ತಿಲ ಮೇಲೆ ಕೂತಳು.

“ಅಕ್ಕಾ, ಹೆಣ ಕುಯ್ಯೋ ಓದಂತೆ. ನಾಳಿಕೆ ಇವಳು ಮಾಡಿದ ಅಡ್ಗೆನ ಯಾರುಣ್ತಾರೆ?”

“ನಿನ್ನ ಮಗ ಯಾವ ಓದೂ ಓದ್ನಿಲ್ವಲ್ಲ, ಅವನು ಮಾಡಿದ ಅಡ್ಗೆನ ಯಾರುಂಡವ್ರೆ ಹೇಳು” ಎಂದೆ. ಆಮೇಲೆ ಎರಡು ತಿಂಗಳು ಜಯಮ್ಮ ಮಜ್ಜಿಗೆ ಕೇಳಲೂ ಬರಲಿಲ್ಲ.

ಜೂನ್ ತಿಂಗಳಲ್ಲಿ ಮಗಳ ಫೋನ್ ಬಂತು. ದನಿಯಲ್ಲೇ ಗೊತ್ತಾಗುತ್ತಿತ್ತು, ಸರಿಯಾಗಿ ಉಂಡಿಲ್ಲ. ಎಂಎಸ್ಸಿಯ ಕೊನೆಯ ಪ್ರಯೋಗ ಚಳಿಗೆ ಸಿಕ್ಕಿ ಹಾಳಾಗಿತ್ತು, ಮರಿಗಳೆಲ್ಲ ಸತ್ತಿದ್ದವು. ಇನ್ನೊಂದು ಸಲ ಮಾಡಲು ಬಿಟ್ಟಿದ್ದಾರೆ. ಅದೂ ಕೆಟ್ಟರೆ ಎಂಎಸ್ಸಿ ಇಲ್ಲ. ‘ಬಂದಿದ್ದಳು, ಕೂತಿದ್ದಳು, ಎದ್ದುಹೋದಳು’ ಎನ್ನುವಂಥ ಒಂದು ಸಣ್ಣ ಸರ್ಟಿಫಿಕೇಟು ಕೊಟ್ಟು ಕಳಿಸುತ್ತಾರೆ.

“ಅಡ್ಗೆ ಮಾಡಕ್ಕಾದ್ರೂ ಬತ್ತೀನಿ ಕಣವ್ವ” ಎಂದೆ.

ಬೇಡ ಎನ್ನಲಿಲ್ಲ. ಅದರಿಂದಲೇ ನನಗೆ ದಿಗಿಲಾಯಿತು.

ಸಾತನೂರು ಬಸ್ ನಿಲ್ದಾಣದವರೆಗೆ ಯಜಮಾನರು ಬಂದರು. ಬ್ಯಾಗು ಇಳಿಸಿ, ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ, “ನೊಣ ಸಾಕಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ ಅಮ್ಮಿ? ನಮ್ಮ ತಿಪ್ಪೆ ಸಾಲ್ತಿರ್ನಿಲ್ವಾ?” ಎಂದರು.

“ನೀವು ಹುಳಮನೆ ಬಾಗ್ಲು ತೆಗೆದು ಬುಟ್ಟು ಬೀಡಿ ಸೇದಕ್ಕೆ ಹೋಗ್ಬೇಡಿ, ಅಷ್ಟು ಸಾಕು” ಎಂದು ಬಸ್ಸು ಹತ್ತಿದೆ.

ವಿಮಾನ ನಿಲ್ದಾಣದಲ್ಲಿ ಗ್ಲೌಸು ತೊಟ್ಟ ಹುಡುಗಿಯೊಬ್ಬಳು ನನ್ನ ಕೈಚೀಲದ ರಾಗಿಹಿಟ್ಟಿನ ಪೊಟ್ಟಣದ ಮೇಲೆ ಬಟ್ಟೆಯ ತುಂಡು ಒರೆಸಿ, ಅದನ್ನು ಯಂತ್ರಕ್ಕೆ ತಿನ್ನಿಸಿ, ಸ್ಫೋಟಕ ಇಲ್ಲವೆಂದು ಖಚಿತ ಮಾಡಿಕೊಂಡಳು. ಮಾತಾಡಿಸಿದರೆ ಮಾಗಡಿಯವಳು. ಮಾಗಡಿಯವಳಿಗೇ ರಾಗಿಯ ಮೇಲೆ ಅನುಮಾನ ಬಂದ ಮೇಲೆ ಇಂಗ್ಲಿಷರನ್ನು ಏನೆಂದು ಬೈಯುವುದು?

ಮೊದಲ ದಿನ: ಬೂಟು

ಊರಿನ ಹೆಸರು ಬೇಡ, ಅಲ್ಲಿ ಇನ್ನೂ ಓದುತ್ತಿರುವ ಮಕ್ಕಳಿದ್ದಾರೆ. ಕೆಂಪು ಇಟ್ಟಿಗೆಯ ಮನೆಗಳು, ಒಂದರ ಪಕ್ಕೆಗೆ ಒಂದು ಅಂಟಿಕೊಂಡು, ನಡುವೆ ಬೆಕ್ಕು ನುಸುಳಲೂ ಜಾಗವಿಲ್ಲ. ಇಷ್ಟು ಹತ್ತಿರ ಇದ್ದೂ ಒಬ್ಬರ ಮನೆಯ ಒಗ್ಗರಣೆ ಇನ್ನೊಬ್ಬರ ಮೂಗಿಗೆ ಬರುವುದಿಲ್ಲ. ಒಗ್ಗರಣೆ ಇದ್ದರೆ ತಾನೆ? ಚೈತ್ರಳ ಜೊತೆ ಮನೆ ಹಂಚಿಕೊಂಡಿದ್ದ ಹುಡುಗಿಯರು ರಜೆಗೆ ಊರು ಸೇರಿದ್ದರು. ಮನೆಯಲ್ಲಿ ನಾವಿಬ್ಬರೇ.

ಎದುರಿಗೆ ಬಂದವರೆಲ್ಲ “ಆಲ್ ರೈಟ್?” ಎನ್ನುತ್ತಾರೆ. ಪಕ್ಕದ ಮನೆಯ ಮುದುಕಿ ಮೊದಲ ಸಲ ಹಾಗೆ ಕೇಳಿದಾಗ ನಾನು ನಿಂತು, ಮಂಡಿನೋವು ಇದೆ, ವಿಮಾನದಲ್ಲಿ ನಿದ್ದೆ ಬರಲಿಲ್ಲ ಎಂದು ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಶುರುಮಾಡಿದೆ. ನಿದ್ದೆಯ ಹತ್ತಿರ ಬರುವಷ್ಟರಲ್ಲಿ ಅವಳ ಬೆನ್ನು ಕಾಣಿಸಿತು. ಅದೇ ಮುದುಕಿ ತನ್ನ ನಾಯಿಯ ಜೊತೆ ನಿಂತು ಮಾತಾಡುತ್ತಾಳೆ, ಅದರ ಉತ್ತರಕ್ಕೆ ಕಾಯುತ್ತಾಳೆ ಕೂಡ. ನಮ್ಮಲ್ಲಿ ಊಟ ಆಯ್ತಾ ಎಂದು ಕೇಳಿದವರು ಏನು ಸಾರು ಎಂದು ತಿಳಿಯದೆ ಹೆಜ್ಜೆ ಕೀಳುವುದಿಲ್ಲ.

ಬೀದಿಯ ಬೂಟಿನಲ್ಲೇ ಒಳಗೆ ಬರುತ್ತಾರೆ. ನಲ್ಲಿ ರಿಪೇರಿಗೆ ಬಂದವನು ನಾನು ಒರೆಸಿದ ಅಡುಗೆಮನೆಯಲ್ಲಿ ಬೂಟುಗಾಲಲ್ಲಿ ಓಡಾಡಿ, ನಲ್ಲಿ ನೋಡಿ, ತಾನಲ್ಲ ಬೇರೆಯವನು ಬರಬೇಕು ಎಂದು ಹೇಳಿ ಹೋದ. ಆ ಬೇರೆಯವನು ನಾನು ಇದ್ದ ಮೂವತ್ತೆರಡು ದಿನದಲ್ಲಿ ಬರಲಿಲ್ಲ.

ಮೂರನೆಯ ದಿನ: ಯಾರೂ ಸಾಯದ ಮನೆ

ಅಂದು ವಿಶ್ವವಿದ್ಯಾಲಯದಲ್ಲಿ ಮನೆಯವರೆಲ್ಲ ಬಂದು ನೋಡಬಹುದಾದ ದಿನ. ಆವರಣದ ಮೂಲೆಯಲ್ಲಿ ಒಂದು ಸುಸಜ್ಜಿತ ಮನೆ ಕಟ್ಟಿಸಿದ್ದಾರೆ. ಹಾಲು, ಅಡುಗೆಮನೆ, ಮಲಗುವ ಕೋಣೆ, ಮೇಜಿನ ಮೇಲೆ ಹೂದಾನಿ. ಎರಡು ಸಂಸಾರ ಆರಾಮಾಗಿ ಇರಬಹುದು. ಅದರಲ್ಲಿ ವಾಸವಿರುವುದು ಒಂದು ಪ್ಲಾಸ್ಟಿಕ್ ಗೊಂಬೆ. ವಾರಕ್ಕೊಂದು ಸಲ ಅದು ಕೊಲೆಯಾಗುತ್ತದೆ. ಮಕ್ಕಳು ಬಿಳಿ ಮೇಲಂಗಿ ಹಾಕಿ, ಮೂಗು ಬಾಯಿ ಮುಚ್ಚಿಕೊಂಡು, ಕಾಲಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕೊಲೆಗಾರನನ್ನು ಹುಡುಕುತ್ತಾರೆ.

ಜೀವಂತ ಮನುಷ್ಯರಿರುವ ಮನೆಗೆ ಬೂಟುಗಾಲಲ್ಲಿ ನುಗ್ಗುವವರು, ಗೊಂಬೆ ಸತ್ತ ಮನೆಗೆ ಮಾತ್ರ ಪಾದಕ್ಕೆ ಚೀಲ ಕಟ್ಟಿಕೊಂಡು ಹೋಗುತ್ತಾರೆ!

ಗೊಂಬೆಯೋ, ಹುಬ್ಬು ಒಂದು ಮೇಲೆ ಒಂದು ಕೆಳಗೆ. ಚನ್ನಪಟ್ಟಣದವರಿಗೆ ಹೇಳಿದ್ದರೆ ಇದಕ್ಕಿಂತ ಲಕ್ಷಣವಾದ ಹೆಣ ಕಡೆದುಕೊಡುತ್ತಿದ್ದರು. ಗೋಡೆಗೆ ಕೆಂಪು ಬಣ್ಣ, ಲೋಟದ ಮೇಲೆ ತುಟಿಯ ಗುರುತು, ಮಂಚದ ಕೆಳಗೆ ಚಾಕು, ಚಾಕುವಿನ ಪಕ್ಕ ಅಂಗಿಯ ಒಂದು ಗುಂಡಿ. ಅಷ್ಟೊಂದು ಬಿಟ್ಟುಹೋಗುವ ಮರೆಗುಳಿ ಕೊಲೆಗಾರನನ್ನು ಹಿಡಿಯಲು ವಿಶ್ವವಿದ್ಯಾಲಯ ಯಾಕೆ, ಸಂತೆಯ ದಿನ ನಿಲ್ಲುವ ನಮ್ಮ ಪೇದೆ ಸಾಕು.

ಚೈತ್ರಳ ಗುರುಗಳು ಅಲ್ಲೇ ಸಿಕ್ಕರು. ಎತ್ತರದ, ನರೆಗೂದಲಿನ ಹೆಂಗಸು, ಹೆಸರು ರೂತ್. ಮಕ್ಕಳೆಲ್ಲ “ರೂತ್, ರೂತ್” ಎಂದು ಹೆಸರು ಹಿಡಿದೇ ಕೂಗುತ್ತಿದ್ದರು, ಎಮ್ಮೆ ಕರೆದ ಹಾಗೆ. ನಾನು ರೂತ್ ಮೇಡಂ ಎಂದೆ. ನಾನು ರೇಷ್ಮೆಯವಳೆಂದು ಮಗಳು ಹೇಳಿದ್ದಕ್ಕೆ ಆಕೆ ಕಣ್ಣರಳಿಸಿ, ಹುಳಮನೆಯಲ್ಲಿ ಶಾಖ ಎಷ್ಟಿರಬೇಕು, ತೇವ ಎಷ್ಟಿರಬೇಕು ಎಂದೆಲ್ಲ ಕೇಳಿ, ಪುಟ್ಟ ಪುಸ್ತಕ ತೆಗೆದು ಬರೆದುಕೊಂಡರು. ನಮ್ಮೂರಿನ ನಾಲ್ಕನೇ ಕ್ಲಾಸಿನ ಮಗುವಿಗೆ ಗೊತ್ತಿರುವ ವಿಷಯ. ಬರೆದುಕೊಳ್ಳಲಿ ಬಿಡು ಎಂದುಕೊಂಡೆ.

ಬೇಲಿಯ ಆಚೆ ಒಂದು ಹುಲ್ಲಿನ ಹೊಲ. ಅದರ ನಡುವೆ ಕಬ್ಬಿಣದ ಪಂಜರದಲ್ಲಿ ಹಂದಿಯ ಹೆಣ. ಪಂಜರ, ನರಿ ಎಳೆದುಕೊಂಡು ಹೋಗಬಾರದೆಂದು. ಹಂದಿಗೆ ಚೌಕುಳಿ ಅಂಗಿ ತೊಡಿಸಿ, ಗುಂಡಿಯನ್ನೂ ಹಾಕಿದ್ದರು.

“ಅದ್ಯಾಕವ್ವ ಅಂಗಿ?”

“ಮನುಷ್ರು ಬಟ್ಟೆ ಹಾಕ್ಕೊಂಡೇ ಸಾಯ್ತಾರಲ್ಲಮ್ಮ. ಬಟ್ಟೆ ಒಳಗೆ ನೊಣ ಹೆಂಗೆ ಹೋಯ್ತದೆ ಅಂತ ನೋಡ್ಬೇಕು.”

“ನಮ್ಮಪ್ಪ ತೋಟದಲ್ಲಿ ಅಂಗಿ ಬಿಚ್ಚಿಟ್ಟೇ ತೀರಿಕೊಂಡ್ರು” ಎಂದೆ. ಅದು ಯಾವ ಲೆಕ್ಕಕ್ಕೆ ಬರುತ್ತದೋ ಏನೋ.

ಹಿತ್ತಲಿನ ಷೆಡ್ಡು

ಮಗಳ ಪ್ರಯೋಗ ನಡೆಯುತ್ತಿದ್ದುದು ಮನೆಯ ಹಿತ್ತಲಿನ ಮರದ ಷೆಡ್ಡಿನಲ್ಲಿ. ಅದೇನು ಹಿತ್ತಲಿನಲ್ಲಿ ಎಂದು ಕೇಳಿದೆ. ವಿಶ್ವವಿದ್ಯಾಲಯದಲ್ಲಿ ಒಂದೇ ಹದದ ಶಾಖ ಕೊಡುವ ಪೆಟ್ಟಿಗೆ ಕೆಟ್ಟಿತ್ತಂತೆ. ರಿಪೇರಿಯವನು ಮುಂದಿನ ತಿಂಗಳು ಬರುತ್ತಾನಂತೆ. ಅಲ್ಲಿಯವರೆಗೆ ಹಿತ್ತಲಿನಲ್ಲೇ ಮಾಡಿಕೊಳ್ಳಲು ರೂತ್ ಮೇಡಂ ಒಪ್ಪಿಗೆ ಬರೆದುಕೊಟ್ಟಿದ್ದರಂತೆ. ಕೊಲೆಯಾಗಲು ಗೊಂಬೆಗೆ ಮನೆ ಕಟ್ಟಿಸಿದವರಿಗೆ ಒಂದು ಪೆಟ್ಟಿಗೆ ರಿಪೇರಿ ಮಾಡಿಸಲು ಆಗಿಲ್ಲ. ನಮ್ಮ ಸಾತನೂರಿನ ಮೋಟರ್ ಮೆಕ್ಯಾನಿಕ್ ಆಗಿದ್ದರೆ ಬೈದುಕೊಂಡಾದರೂ ಸಂಜೆಯೊಳಗೆ ಮಾಡಿಕೊಡುತ್ತಿದ್ದ.

ಷೆಡ್ಡಿನಲ್ಲಿ ಸಾಲಾಗಿ ಮೂರು ಡಬ್ಬಿ, ಮೇಲೆ ಬಲೆ. ಒಂದೊಂದರಲ್ಲೂ ಒಂದು ತುಂಡು ಹಂದಿಯ ಲಿವರು, ಅದರ ಮೇಲೆ ನೊಣದ ಮರಿಗಳು ಮಿಜಮಿಜ. ವಾಸನೆ ಬರೆಯುವುದಿಲ್ಲ. ಮೊದಲನೆಯದರಲ್ಲಿ ಬರಿಯ ಲಿವರು, ಎರಡನೆಯದಕ್ಕೆ ಜ್ವರದ ಮಾತ್ರೆಯ ಪುಡಿ ಬೆರೆಸಿದೆ, ಮೂರನೆಯದಕ್ಕೆ ಅದರ ಎರಡರಷ್ಟು.

ನಮ್ಮಲ್ಲಿ ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಜ್ವರ ಎನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಆಗ ಹುಳ ತಿನ್ನುವುದನ್ನು ಬಿಟ್ಟು ತಲೆ ಎತ್ತಿ ಸುಮ್ಮನೆ ಮಲಗಿರುತ್ತದೆ.

“ಜ್ವರದ ಹುಳಕ್ಕೆ ಮಾತ್ರೆ ಕೊಡೋದು ನಾನೆಲ್ಲೂ ಕಂಡಿಲ್ಲ” ಎಂದೆ.

ಬಂದ ಮೇಲೆ ಮೊದಲ ಸಲ ಚೈತ್ರ ನಕ್ಕಳು. “ಆ ಜ್ವರ ಅಲ್ಲ ಕಣಮ್ಮ. ಸತ್ತೋನು ಸಾಯೋಕ್ ಮುಂಚೆ ರಾಶಿ ಮಾತ್ರೆ ನುಂಗಿದ್ದ ಅಂದ್ಕೊ. ಅವನ ಮೈ ತಿಂದ ಮರಿನೂ ಮಾತ್ರೆ ತಿಂದಂಗೆ. ಬೇಗ ಬೆಳೀತದೋ ನಿಧಾನವೋ ಗೊತ್ತಿಲ್ದೆ ಸತ್ತ ದಿನ ಹೇಳಿದ್ರೆ ತಪ್ಪಾಯ್ತದೆ.”

ಬೆಳಿಗ್ಗೆ ಎಂಟು, ಮಧ್ಯಾಹ್ನ ಎರಡು, ಸಂಜೆ ಎಂಟು. ದಿನಕ್ಕೆ ಮೂರು ಸಲ ನೋಡಿ, ಅಳೆದು, ಬರೆದುಕೊಳ್ಳುತ್ತಿದ್ದಳು. ನಾನು ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ. ಊಜಿಯ ಮರಿಯನ್ನು ನೋಡಿದ ಕೂಡಲೇ ಹೊಸಕಿಹಾಕುವ ಕೈ ಇದು. ಆದರೆ ಮಗಳು ಅವುಗಳಿಗೆ ಶಾಖ ಹೆಚ್ಚಾಯಿತೇನೋ, ಗಾಳಿ ಸಾಲದೇನೋ ಎಂದು ಒದ್ದಾಡುವುದನ್ನು ಕಂಡು ಎರಡೇ ದಿನದಲ್ಲಿ ನನಗೂ ಅವು ಮನೆಯ ಹುಳವೇ ಆಗಿಹೋದವು. ಅಲ್ಲೇ ತಪ್ಪಾದದ್ದು.

ಆರನೆಯ ದಿನ, ಗುರುವಾರ

ಆ ದಿನ ಅಲ್ಲಿಯವರ ಲೆಕ್ಕದಲ್ಲಿ ಭಾರೀ ಬಿಸಿಲು. ಗಂಡಸರು ಬನಿಯನ್ನೂ ಬಿಚ್ಚಿ ಬೀದಿಯಲ್ಲಿ ಮಲಗಿದ್ದರು. ನಮ್ಮ ಕಡೆ ಅಂಥ ಬಿಸಿಲಿಗೆ ಹಪ್ಪಳವೂ ಒಣಗುವುದಿಲ್ಲ. ಮಗಳು ಎಂಟು ಗಂಟೆಗೆ ಡಬ್ಬಿ ನೋಡಿ, ಬರೆದುಕೊಂಡು, ಎರಡಕ್ಕೆ ಬರುತ್ತೇನೆಂದು ಗ್ರಂಥಾಲಯಕ್ಕೆ ಹೋದಳು.

ಹತ್ತೂವರೆಗೆ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದವಳು ಷೆಡ್ಡಿನೊಳಗೆ ಇಣುಕಿದೆ. ಮೂರನೆಯ ಡಬ್ಬಿಯಲ್ಲಿ ಮರಿಗಳು ಲಿವರು ಬಿಟ್ಟು ಗೋಡೆ ಹತ್ತುತ್ತಿದ್ದವು. ಹೊಟ್ಟೆಯಲ್ಲಿ ಕಪ್ಪಗೆ ಕಾಣುತ್ತಿದ್ದ ತೀನಿ ಕರಗಿ ಮೈ ತಿಳಿಯಾಗಿತ್ತು. ತಲೆ ಎತ್ತಿ ಅತ್ತ ಇತ್ತ ಹುಡುಕಾಡುತ್ತಿದ್ದವು. ಹುಳ ಹಣ್ಣಾಗಿದೆ!

ರೇಷ್ಮೆಯವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ತಿನ್ನುವುದು ಮುಗಿಸಿ ಗೂಡು ಕಟ್ಟಲು ಜಾಗ ಹುಡುಕುವ ಹುಳ ಹಣ್ಣಾದ ಹುಳ. ಆಗ ಅದನ್ನು ಆರಿಸಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟೆಗೆ ಬಿಡಬೇಕು. ತಡಮಾಡಿದರೆ ಇಡೀ ಬೆಳೆ ಕೈತಪ್ಪುತ್ತದೆ. ಹುಳ ಹಣ್ಣಾದ ದಿನ ನಮ್ಮಲ್ಲಿ ನೆಂಟರು ಬಂದರೆ ಕಾಫಿ ಕೊಡುವುದಿಲ್ಲ, ಅವರ ಕೈಗೂ ತಟ್ಟೆ ಕೊಟ್ಟು ಹುಳ ಆರಿಸಿ ಎನ್ನುತ್ತೇವೆ.

ಮಗಳಿಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಗ್ರಂಥಾಲಯದಲ್ಲಿ ಫೋನಿನ ಬಾಯಿ ಮುಚ್ಚಿಡಬೇಕಂತೆ. ಇನ್ನು ಕಾಯುವುದು ಹೇಗೆ? ಅಡುಗೆಮನೆಯಿಂದ ಕೋಳಿಮೊಟ್ಟೆಯ ರಟ್ಟಿನ ಟ್ರೇ ತಂದೆ. ಅಗಲ ತಟ್ಟೆಯಲ್ಲಿ ಒಣಮಣ್ಣು ಹರಡಿ ಟ್ರೇ ಅದರ ಮೇಲಿಟ್ಟೆ. ಚಂದ್ರಿಕೆಗೆ ಸಮನಲ್ಲದಿದ್ದರೂ ಕೆಲಸಕ್ಕೆ ಆದೀತು. ಮೂರನೆಯ ಡಬ್ಬಿಯ ಹಣ್ಣೆಲ್ಲ ಆರಿಸಿ ಬಿಟ್ಟೆ. ಅಷ್ಟರಲ್ಲಿ ಮೊದಲನೆಯದರಲ್ಲೂ ಹಣ್ಣಾಗತೊಡಗಿತು, ಅವನ್ನೂ ಆರಿಸಿದೆ. ಎರಡನೆಯದರಲ್ಲಿ ಅರ್ಧಕ್ಕರ್ಧ. ಇನ್ನೂ ತಿನ್ನುತ್ತಿದ್ದವನ್ನು ಮುಟ್ಟಲಿಲ್ಲ, ಇದ್ದಲ್ಲೇ ಬಿಟ್ಟೆ. ಬಲೆ ಬಿಗಿದು, ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದು, ಬಸ್ಸಾರಿಗೆ ಬೇಳೆ ಇಟ್ಟೆ. ಮಗಳು ಬಂದು ಮೆಚ್ಚಿಕೊಳ್ಳುತ್ತಾಳೆ ಎಂದು ಕಾಯುತ್ತಿದ್ದೆ.

ಎರಡಕ್ಕೆ ಬಂದಳು. ನೆಟ್ಟಗೆ ಷೆಡ್ಡಿಗೆ ಹೋದಳು.

“ಅಮ್ಮ! ಡಬ್ಬಿ ಯಾಕೆ ಖಾಲಿ?”

“ಹಣ್ಣಾಗಿದ್ದೊ ಕಣವ್ವ. ಆರ್ಸಿ ಹಾಕಿವ್ನಿ. ಇ‌ನ್ನೂ ತಿಂತಿರೋವ ಅಲ್ಲೇ ಬುಟ್ಟಿವ್ನಿ ನೋಡು.”

“ಇದ್ರಲ್ಲಿ ಯಾವ ಡಬ್ಬಿದು ಯಾವ್ದು?”

“ಯಾವ ಡಬ್ಬಿದಾದ್ರೇನು? ಹಣ್ಣೆಲ್ಲ ಒಂದೇ.”

ಮಗಳು ಅಲ್ಲೇ ಮಣ್ಣಿನ ಚೀಲದ ಮೇಲೆ ಕೂತಳು. “ಒಂದೇ ಅಲ್ಲ ಅಂತ ತೋರ್ಸೋದೇ ಅಲ್ವೇನಮ್ಮ ನನ್ನ ಓದು” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಅದೇ ಸಂಜೆ: ಬೆಕ್ಕಿನ ಮೇಲೆ

ಬಸ್ಸಾರು ಹಾಗೇ ಉಳಿಯಿತು. ಯಜಮಾನರಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅಲ್ಲಿ ಆಗಲೇ ಎಲ್ಲರೂ ಉಂಡು ಮಲಗುವ ಹೊತ್ತು.

“ಅದ್ಕ್ಯಾಕ್ ಅಳ್ತೀಯ ಮಗಾ?” ಎಂದರು ಚೈತ್ರಳಿಗೆ. “ಒಸಿ ಅಂದಾಜಿನ ಮೇಲೆ ಬರ್ಕೊಂಬುಡು. ರೇಷ್ಮೆ ಇಲಾಖೆ ಸಾಹೇಬ್ರು ಹುಳಮನೆ ನೋಡಕ್ಕೆ ಬತ್ತಾರೆ ಅಂದ್ರೆ ನಿಮ್ಮವ್ವ ತಿಂಗಳ ಶಾಖನೆಲ್ಲ ಕುಂತ ಕಡೆನೇ ಬರ್ದು ಬಿಸಾಕಲ್ವಾ?”

ಅದು ಸುಳ್ಳಲ್ಲ. ನಮ್ಮ ಹುಳಮನೆಯ ಗೋಡೆಗೆ ನೇತುಹಾಕಿರುವ ಪಟ್ಟಿಯಲ್ಲಿ ಮೂವತ್ತು ದಿನದ ಶಾಖವೂ ಒಂದೇ ಪೆನ್ನಿನಲ್ಲಿ, ಒಂದೇ ಓಟದಲ್ಲಿ ಬರೆದದ್ದು. ನೋಡಲು ಬಂದವರೂ ಪಟ್ಟಿ ತುಂಬಿದೆಯೇ ಎಂದು ನೋಡುತ್ತಾರೆ, ಹುಳದ ಕಡೆ ತಿರುಗುವುದಿಲ್ಲ. ನನಗೆ ಶಾಖ ಮೈಗೇ ಗೊತ್ತಾಗುತ್ತದೆ, ಬರೆದಿಡುವ ದರ್ದಿಲ್ಲ. ಇದನ್ನೆಲ್ಲ ಹೇಳಿ ನಾನೂ ಒಂದು ದಾರಿ ತೋರಿಸಿದೆ.

“ಬೆಕ್ಕು ಉರುಳಿಸ್ತು ಅನ್ನು. ಇಲ್ಲಾ ಪಕ್ಕದ ಮನೆ ನಾಯಿ. ಅದು ಬಂದು ಸಾಕ್ಷಿ ಹೇಳ್ತದಾ?”

“ಅಮ್ಮ, ಯಾವನೋ ಒಬ್ಬ ಮಾಡ್ದೆ ಇರೋ ಕೊಲೆಗೆ ಒಳಗೆ ಕುಂತವ್ನೆ ಅಂದ್ಕೊ. ಹುಳ ನೋಡಿದೋಳು ಬೆಕ್ಕಿನ ಮೇಲೆ ಹಾಕಿ ಅಂದಾಜಲ್ಲಿ ಬರ್ದವ್ಳೆ. ಆಗ?”

“ನಂದು ಅಂದಾಜಲ್ಲ ಕಣೇ. ಕಣ್ಣಾರೆ ನೋಡಿವ್ನಿ. ಮೂರ್ನೇದು ಮೊದ್ಲು, ಆಮೇಲೆ ಒಂದ್ನೇದು.”

“ನಿನ್ನ ಕಣ್ಣು ನನಗೆ ಗೊತ್ತು. ಕೋರ್ಟಿಗೆ ಗೊತ್ತಿಲ್ವಲ್ಲಮ್ಮ.”

ನಾನು ಎದ್ದು ಹೋಗಿ ಬಸ್ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿದೆ.

ಏಳನೆಯ ದಿನ: ರೂತ್ ಮೇಡಂ ಕೋಣೆ

ಮಗಳು ಇದ್ದದ್ದನ್ನು ಇದ್ದಂತೆ ಹೇಳಿದಳು. ರೂತ್ ಮೇಡಂ ಗದರಲಿಲ್ಲ. ಅವರು ಗದರುವುದಿಲ್ಲ, ಫಾರಂ ಕೊಡುತ್ತಾರೆ. ಯಾವ ಡಬ್ಬಿ, ಎಷ್ಟು ಗಂಟೆಗೆ, ಯಾವ ಕೈ, ಕೈಗೆ ಗ್ಲೌಸಿತ್ತೇ, ಮುಟ್ಟಬೇಕೆಂದು ಅನಿಸಿದ್ದು ಯಾಕೆ, ಎಲ್ಲ ನಾನೇ ಹೇಳಬೇಕು. ಮಗಳು ಅದನ್ನು ಇಂಗ್ಲಿಷಿಗೆ ತರುವ ಹಾಗಿಲ್ಲವಂತೆ, ಅವಳು ಇದರಲ್ಲಿ ಭಾಗಿಯಂತೆ. ಹೆತ್ತ ಮಗಳ ಬಾಯಿಯ ಮೇಲೆ ನಂಬಿಕೆಯಿಲ್ಲ, ಗೊಂಬೆಯ ಮನೆಯ ಚಾಕುವಿನ ಮೇಲೆ ನಂಬಿಕೆ! ಎರಡು ಮಹಡಿ ಕೆಳಗಿನಿಂದ ಧಾರವಾಡದ ಕಡೆಯ ಒಬ್ಬ ಸಂಶೋಧಕರನ್ನು ಕರೆಸಿದರು. ಗಡ್ಡ ಬಿಟ್ಟ, ಸಾಧು ಮನುಷ್ಯ, ಓದುತ್ತಿದ್ದುದು ಸಿಮೆಂಟಿನ ಬಗ್ಗೆ.

“ಹುಳ ಹಣ್ಣಾಗಿದ್ದವು, ಅದಕ್ಕೆ ಆರಿಸಿದೆ” ಎಂದೆ.

ಅವರು ಇಂಗ್ಲಿಷಿನಲ್ಲಿ ಹೇಳಿದರು. ರೂತ್ ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಮಗಳು ತುಟಿ ಕಚ್ಚಿಕೊಂಡಳು. ಹುಳುಗಳು ಫಲಗಳಾಗಿದ್ದವು, ಆದ್ದರಿಂದ ಕಿತ್ತೆ ಎಂದು ಹೇಳಿಬಿಟ್ಟಿದ್ದರು!

“ಅಲ್ರೀ ಅಮ್ಮಾರ, ಹುಳಾ ಹೆಂಗರೀ ಹಣ್ಣಾಗ್ತದ?” ಎಂದು ಆ ಮನುಷ್ಯ ನನ್ನನ್ನೇ ಕೇಳಿದರು.

“ನಿಮ್ಮ ಕಡೆ ರೇಷ್ಮೆ ಇಲ್ವಾ?”

“ಮೈಮ್ಯಾಲ ಉಡೂದು ಗೊತ್ತರೀ. ಹುಳಾ ನೋಡಿಲ್ಲ.”

ಆಮೇಲೆ ಹೊಟ್ಟೆಯ ಕಪ್ಪು ಕರಗುವುದು, ಮೈ ತಿಳಿಯಾಗುವುದು, ತಲೆ ಎತ್ತಿ ಅಲೆಯುವುದು, ಒಂದೊಂದನ್ನೂ ಕೈ ಆಡಿಸಿ ತೋರಿಸಿದೆ. ರೂತ್ ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಮೂರು ಹಾಳೆ ತುಂಬಿತು. ಕೊನೆಯಲ್ಲಿ ಕನ್ನಡದಲ್ಲಿ ಸಹಿ ಹಾಕಿದೆ. ಅಷ್ಟೆಲ್ಲ ಕೇಳಿ ಬರೆದುಕೊಂಡ ಮೇಲೆ ಅವರ ತೀರ್ಪು ಏನು ಗೊತ್ತೇ? ನಾನು ಕಂಡದ್ದು ನಿಜವೇ ಇರಬಹುದು, ಆದರೆ ಅದು ಲೆಕ್ಕಕ್ಕಿಲ್ಲ. ವರದಿಯಲ್ಲಿ ‘ಅನಧಿಕೃತ ವ್ಯಕ್ತಿಯೊಬ್ಬರಿಂದ ಮಾದರಿಗಳು ಬೆರೆತುಹೋದವು’ ಎಂದು ಬರೆಯತಕ್ಕದ್ದು. ಇಪ್ಪತ್ತಾರು ವರ್ಷ ಹುಳದ ಜೊತೆ ಬದುಕಿದವಳಿಗೆ ಇಂಗ್ಲೆಂಡು ಕೊಟ್ಟ ಬಿರುದು, ಅನಧಿಕೃತ ವ್ಯಕ್ತಿ!

ಆದರೆ ನ್ಯಾಯ ತೂಗುವಾಗ ಆಕೆ ತಮ್ಮ ಕಡೆಯ ತಟ್ಟೆಯನ್ನೂ ನೋಡಿದರು, ಅದನ್ನು ಹೇಳದೆ ಇರಬಾರದು. ಶಾಖದ ಪೆಟ್ಟಿಗೆ ಕೆಟ್ಟಿರದಿದ್ದರೆ ಡಬ್ಬಿಗಳು ಷೆಡ್ಡಿಗೆ ಬರುತ್ತಿರಲಿಲ್ಲ, ಅದು ನಮ್ಮ ತಪ್ಪು ಎಂದರು. ಪೆಟ್ಟಿಗೆ ರಿಪೇರಿಯಾದ ಕೂಡಲೇ ಪ್ರಯೋಗಾಲಯದೊಳಗೆ ಮತ್ತೊಮ್ಮೆ ಮಾಡಲಿ. ಇದೇ ಕೊನೆ. ವರದಿ ಒಪ್ಪಿಸುವ ದಿನದೊಳಗೆ ಒಂದೇ ಒಂದು ಸಲಕ್ಕೆ ಮಾತ್ರ ಸಮಯವಿದೆ. ನೋಡುವುದು, ಗುರುತಿಸುವುದು, ಬರೆಯುವುದು ಎಲ್ಲವೂ ಚೈತ್ರ ಒಬ್ಬಳದೇ ಆಗಿರಬೇಕು. ಇಷ್ಟು ಹೇಳಿ ನನ್ನ ಕಡೆ ತಿರುಗಿ, ಸಿಮೆಂಟಿನವರ ಬಾಯಿಂದ ಕನ್ನಡದಲ್ಲೇ ಹೇಳಿಸಿದರು. “ಅಮ್ಮಾರ, ನೀವು ಬಾಗಲದಾಗ ನಿಂತ್ರ ನಡೀತದಂತ. ಒಳಗ ಬರಬ್ಯಾಡ್ರಿ ಅಂತಾರ.”

ಇಪ್ಪತ್ತೇಳನೆಯ ದಿನ: ಗಾಜಿನ ಈಚೆ

ಪೆಟ್ಟಿಗೆ ರಿಪೇರಿಯಾಗಲು ಹನ್ನೆರಡು ದಿನ ಹಿಡಿಯಿತು. ಆ ಹನ್ನೆರಡು ದಿನ ನಾನು ಅಲ್ಲಿಯ ಆಕಾಶ, ಅಲ್ಲಿಯ ಬ್ರೆಡ್ಡು, ಅಲ್ಲಿಯ ಮೆಕ್ಯಾನಿಕ್ಕುಗಳನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಮಗಳು ಮಾತ್ರ ಹಳೆಯ ಟ್ರೇಯಲ್ಲಿ ಬೆರೆತುಹೋಗಿದ್ದ ಮರಿಗಳನ್ನು ಅವು ಗೂಡಾಗುವವರೆಗೆ, ಆಮೇಲೆ ಹೊಲದ ಹಂದಿಯ ಹೆಣದ ಮೇಲಿನ ಮರಿಗಳನ್ನು ದಿನವೂ ಭೂತಗನ್ನಡಿಯಲ್ಲಿ ನೋಡಿ ಕಣ್ಣು ಪಳಗಿಸಿಕೊಂಡಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಹೇಳಿಬಿಡುತ್ತೇನೋ ಎಂದು ನಾನೂ ಅಡುಗೆಮನೆ ಸೇರಿ ಬೇರೆ ಬೇರೆ ಸಾರು ಮಾಡುತ್ತಿದ್ದೆ.

ಹೊಸ ಮೊಟ್ಟೆ ಇಟ್ಟು ಏಳನೆಯ ದಿನ, ನಾನು ಹೋಗಿ ಇಪ್ಪತ್ತೇಳನೆಯ ದಿನ. ಪ್ರಯೋಗಾಲಯದ ಗೋಡೆಯ ಮೇಲರ್ಧ ಗಾಜು. ಹೊರಗಿನ ಪಡಸಾಲೆಯಲ್ಲಿ ನನಗೊಂದು ಕುರ್ಚಿ. ಶಾಖದ ಪೆಟ್ಟಿಗೆಯ ಬಾಗಿಲೂ ಗಾಜಿನದೇ, ಮೂರು ಡಬ್ಬಿಯೂ ನನ್ನ ಕಣ್ಣಿಗೆ ನೇರ. ಮರಿ ಹಣ್ಣಾಗುವ ಹೊತ್ತನ್ನು ಮಗಳು ಸರಿಯಾಗಿ ಹಿಡಿಯಬೇಕು. ಇಡೀ ವರದಿ ನಿಂತಿರುವುದು ಆ ಹೊತ್ತಿನ ಮೇಲೆ. ಕಾಲು ಗಂಟೆಗೊಮ್ಮೆ ಎದ್ದು ನೋಡುತ್ತಾಳೆ, ಬಂದು ಕೂತು ಬರೆಯುತ್ತಾಳೆ. ಮೂರನೆಯದು ಬೆಳಗಿನ ಜಾವದಲ್ಲೇ ಹಣ್ಣಾಗಿತ್ತು. ಅದನ್ನು ಅವಳೇ ಹಿಡಿದು ಬರೆದಿದ್ದಳು. ಉಳಿದದ್ದು ಎರಡು.

ಪಡಸಾಲೆಯ ಗೋಡೆಯಲ್ಲಿ ದೊಡ್ಡ ಗಡಿಯಾರ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಮೊದಲನೆಯ ಡಬ್ಬಿಯಲ್ಲಿ ಒಂದು ಮರಿ ಲಿವರು ಬಿಟ್ಟು ಗೋಡೆಗೆ ಬಂತು. ತಲೆ ಎತ್ತಿತು. ಹಿಂದೆಯೇ ಇನ್ನೊಂದು. ನನ್ನ ಕೈ ತಾನಾಗಿ ಗಾಜಿನ ಹತ್ತಿರ ಹೋಯಿತು. ಬೆರಳಿನ ಗೆಣ್ಣಿನಿಂದ ಒಂದು ಸಲ ತಟ್ಟಿದ್ದರೆ ಸಾಕಿತ್ತು. ಮಗಳು ನನಗೆ ಬೆನ್ನು ಹಾಕಿ ಏನೋ ಗುಣಿಸುತ್ತಾ ಕೂತಿದ್ದಳು. ಎರಡು ಕೈಯನ್ನೂ ಹಿಂದಕ್ಕೆ ತೆಗೆದುಕೊಂಡು, ಒಂದರಿಂದ ಒಂದನ್ನು ಹಿಡಿದು ನಿಂತೆ.

ಹನ್ನೊಂದಕ್ಕೆ ಎದ್ದು ನೋಡಿದಳು. ಬಗ್ಗಿದಳು. ವಾಪಸು ಹೋಗಿ ಕೂತಳು. ಕಾಣಲಿಲ್ಲವೇ? ಮಗಾ, ಕಾಣಲಿಲ್ಲವೇ? ಹುಳಮನೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಬೀದಿಯವರೆಲ್ಲ ಬಂದು ಸೇರುವ ಹಾಗೆ ಕೂಗಿರುತ್ತಿದ್ದೆ.

ಆಗ ರೂತ್ ಮೇಡಂ ಬಂದು ನನ್ನ ಪಕ್ಕದಲ್ಲಿ ನಿಂತರು. ಡಬ್ಬಿ ನೋಡಿದರು, ನನ್ನ ಮುಖ ನೋಡಿದರು, ಹುಬ್ಬು ಏರಿಸಿದರು. ಆಯಿತಾ ಎಂಬ ಪ್ರಶ್ನೆಗೆ ಭಾಷೆ ಬೇಕಿಲ್ಲ. ಈ ಅನಧಿಕೃತ ವ್ಯಕ್ತಿ ಚಾವಣಿಯ ಟ್ಯೂಬ್‌ಲೈಟು ನೋಡುತ್ತಾ ನಿಂತಳು. ಆಕೆ ನಕ್ಕು, ತಾವೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಇಬ್ಬರು ಮುದುಕಿಯರು ಹಾಗೇ ನಿಂತೆವು. ಹನ್ನೊಂದೂಕಾಲು. ಚೈತ್ರ ಎದ್ದಳು. ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತಳು. ಭೂತಗನ್ನಡಿ ಹಿಡಿದಳು, ತೆಗೆದಳು, ಮತ್ತೆ ಹಿಡಿದಳು. ಒಂದೊಂದನ್ನೇ ಎಣಿಸುತ್ತಿದ್ದಾಳೆಂದು ತುಟಿಯಿಂದ ಗೊತ್ತಾಗುತ್ತಿತ್ತು. ಆಮೇಲೆ ತಲೆ ಎತ್ತಿ ಒಳಗಿನ ಗಡಿಯಾರ ನೋಡಿ ಹಾಳೆಯ ಮೇಲೆ ಬರೆದಳು. ನಾನು ಇರುವ ಕಡೆ ತಿರುಗಲೇ ಇಲ್ಲ. ತಿರುಗಬಾರದೆಂದು ಗಟ್ಟಿಯಾಗಿದ್ದಳು, ಕತ್ತು ನೋಡಿದರೇ ಗೊತ್ತಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ಪಾಸಾದಳು. ಆ ವರದಿಯ ಒಂದು ಪ್ರತಿ ನಮ್ಮ ಮನೆಯಲ್ಲಿದೆ, ಜಯಮ್ಮನೂ ಬಂದು ನೋಡಿಕೊಂಡು ಹೋದಳು. ಮೊದಲನೆಯ ಡಬ್ಬಿಯ ಮುಂದೆ ಬರೆದಿರುವ ಹೊತ್ತು ಹನ್ನೊಂದು ಇಪ್ಪತ್ತು. ನಾನು ಕಂಡದ್ದು ಹತ್ತು ಐವತ್ತಕ್ಕೆ. ನಡುವಿನ ಆ ಅರ್ಧ ಗಂಟೆಯನ್ನು ಇಷ್ಟು ದಿನ ಮಗಳಿಗೆ ಹೇಳಿರಲಿಲ್ಲ.